ಮೂರನೇ ನಂಬರಿನ ಹೆಗಲು

22 ನವೆಂಬರ್ 2025, ಶನಿವಾರ, ರಾತ್ರಿ ಹತ್ತೂವರೆ

ಇಂಗ್ಲೆಂಡ್-ಆಸ್ಟ್ರೇಲಿಯಾ ನಡುವಿನ 2003ರ ರಗ್ಬಿ ವಿಶ್ವಕಪ್ಪಿನ ಸಿಡ್ನಿ ಫೈನಲ್ಲಿಗೆ ಇವತ್ತಿಗೆ 22 ವರ್ಷ. ಹಳೇ ರೆಕಾರ್ಡಿಂಗ್ ಹಾಕಿಕೊಂಡಿದ್ದೆ. ತೇಜು ಪಕ್ಕಕ್ಕೆ ಬಂದು ಕೂತು, ನಾಲ್ಕು ಸ್ಕ್ರಮ್ (ಎರಡೂ ತಂಡದ ಎಂಟೆಂಟು ಜನ ತಲೆಗೆ ತಲೆ ಸಿಕ್ಕಿಸಿ ಚೆಂಡಿಗಾಗಿ ತಳ್ಳಾಡುವುದು) ನೋಡಿ ಕೇಳಿದ: "ಮಾಮ, ಇವ್ರು ತಳ್ಳೋಕೆ ಬಂದಿದಾರೋ, ಬೀಳೋಕೆ ಬಂದಿದಾರೋ?"

ಎರಡು ಮುಷ್ಟಿ ಮಾಡಿ, ಒಂದರ ಗೆಣ್ಣಿನ ಸಂದಿಗೆ ಇನ್ನೊಂದರ ಗೆಣ್ಣು ಕೂರಿಸಿ ತೋರಿಸಿದೆ. ಮುಂದಿನ ಸಾಲಿನ ತಲೆಗಳು ಹೀಗೇ ಸಿಕ್ಕಿಕೊಳ್ಳೋದು. ನಡುವೆ ಕಾಲಿನಿಂದ ಚೆಂಡು ಹಿಂದಕ್ಕೆಳೆಯುವ ಹುಕರ್, ಆಚೆ ಈಚೆ ಅವನಿಗೆ ಆನಿಕೆಯಾಗಿ ಪ್ರಾಪ್‌ಗಳು. ಒಂದನೇ ನಂಬರಿನವನು ಲೂಸ್‌ಹೆಡ್: ತಲೆಯ ಎಡಗಡೆ ಬಯಲು, ಎದುರಾಳಿಗೆ ತಾಗುವುದು ಬಲ ಹೆಗಲು. ಮೂರನೇ ನಂಬರಿನವನು ಟೈಟ್‌ಹೆಡ್: ತಲೆ ಎದುರಿನ ಹುಕರ್ ಮತ್ತು ಲೂಸ್‌ಹೆಡ್ ನಡುವೆ, ಎರಡೂ ಹೆಗಲ ಮೇಲೆ ಭಾರ. ಹಿಂದಿನಿಂದ ತನ್ನವನೇ ಆದ ಲಾಕ್ (ಎರಡನೇ ಸಾಲಿನವನು) ನೂಕುವುದು ಬೇರೆ.

ಬೀಳುವುದು ಮೊದಲು ಕಾಲಿನಿಂದ. ಪಾದ ತೀರಾ ಹಿಂದಿಟ್ಟರೆ ಮೈ ಹಲಗೆಯ ಹಾಗೆ ಚಾಚಿಕೊಳ್ಳುತ್ತದೆ. ಎದುರಿನ ಭಾರ ಒಂದಿಷ್ಟು ಸರಿದರೂ ಮೂಗು ಮಣ್ಣಿಗೆ. ತೀರಾ ಒಳಗಿಟ್ಟರೆ ಮಂಡಿ ಮಡಿಚಿಹೋಗಿ ಕಾಲಿಗೆ ಬಲವೇ ಸಿಗದು. ಬೆನ್ನು ಗೂನಾಯಿತೋ, ಕಾಲಿನ ಬಲವೆಲ್ಲ ಸೊಂಟದಲ್ಲೇ ಸೋರಿಹೋಗುತ್ತದೆ. ಹೆಗಲು ಸೊಂಟಕ್ಕಿಂತ ಕೆಳಗಿಳಿಯಬಾರದು ಅನ್ನುವುದು ನಿಯಮವೂ ಹೌದು, ಕತ್ತು ಉಳಿಸಿಕೊಳ್ಳುವ ದಾರಿಯೂ ಹೌದು. ಆಮೇಲೆ ಕೈ. ಲೂಸ್‌ಹೆಡ್‌ನ ಎಡಗೈ ಎದುರಾಳಿಯ ಬಲಗೈ ಒಳಗಿನಿಂದ ಹೋಗಿ ಬೆನ್ನಿನದೋ ಪಕ್ಕೆಯದೋ ಜೆರ್ಸಿ ಹಿಡಿಯಬೇಕು. ತೋಳು ಹಿಡಿದು ಕೆಳಗೆ ಜಗ್ಗಿದರೆ ಇಬ್ಬರೂ ನೆಲಕ್ಕೆ. ಜಗ್ಗಿದವನು ಯಾರು? ರೆಫರಿ ನಿಂತ ಪಕ್ಕದ್ದು ಮಾತ್ರ ಅವನಿಗೆ ಚೆನ್ನಾಗಿ ಕಾಣುತ್ತದೆ. ಸ್ಕ್ರಮ್ ಪೆನಾಲ್ಟಿಯಲ್ಲಿ ಅರ್ಧ ಊಹೆಯೇ, ನನ್ನ ಪ್ರಕಾರ.

ರೆಫರಿಯ ಈಗಿನ 'ಕ್ರೌಚ್, ಬೈಂಡ್, ಸೆಟ್' (ಬಾಗು, ಹಿಡಿ, ಸೇರು) ಕೂಗು 2013ರದ್ದು. ಮೊದಲೇ ಜೆರ್ಸಿ ಹಿಡಿದು ಆಮೇಲೆ ಸೇರುತ್ತಾರೆ. 2003ರಲ್ಲಿ ಅದಿಲ್ಲ, ದೂರದಿಂದಲೇ ಢೀ.

ಆ ರಾತ್ರಿ ಇಂಗ್ಲೆಂಡ್ ಸ್ಕ್ರಮ್‌ಗೆ ಬಲ ಕಮ್ಮಿಯಿರಲಿಲ್ಲ. ಆದರೂ ರೆಫರಿ ಆಂದ್ರೆ ವಾಟ್ಸನ್ ಸೀಟಿ ಮತ್ತೆ ಮತ್ತೆ ಅವರ ಮೇಲೇ. ಕೊನೇ ನಿಮಿಷದಲ್ಲೂ ಸ್ಕ್ರಮ್ ಪೆನಾಲ್ಟಿ, ಆಸ್ಟ್ರೇಲಿಯಾದ ಎಲ್ಟನ್ ಫ್ಲಾಟ್ಲಿ ಒದ್ದು 14-14. ಹೆಚ್ಚುವರಿ ಸಮಯಕ್ಕೆ ಇಂಗ್ಲೆಂಡ್‌ನ ಮೂರನೇ ನಂಬರಿನ ಫಿಲ್ ವಿಕರಿ ಆಚೆ, 35 ವರ್ಷದ ಜೇಸನ್ ಲೆನರ್ಡ್ ಒಳಗೆ. ಎದುರಾಳಿಯನ್ನು ಪುಡಿ ಮಾಡಲು ಹೋಗಲಿಲ್ಲ ಅವನು. ನೆಟ್ಟಗೆ ಹೆಗಲು ಕೊಟ್ಟು ನಿಂತ, ಅಷ್ಟೇ. ಸ್ಕ್ರಮ್ ಜಗಳ ತಣ್ಣಗಾಯಿತು. ಇಂಗ್ಲೆಂಡ್‌ನ ವಿಲ್ಕಿನ್ಸನ್ ಡ್ರಾಪ್ ಗೋಲ್ (ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿದೊಡನೆ ಕಂಬಗಳ ನಡುವೆ ಒದೆಯುವುದು), 20-17, ಅದು ಎಲ್ಲರಿಗೂ ಗೊತ್ತಿರುವುದೇ. ಅದಕ್ಕೆ ಮುಂಚಿನದು ಯಾರಿಗೆ ನೆನಪಿದೆ!

ಪೂರ್ವ ಲಂಡನ್ನಿನ ಬಾರ್ಕಿಂಗ್‌ನ ಬಡಗಿ ಲೆನರ್ಡ್. ಇಂಗ್ಲೆಂಡ್‌ಗೆ ಮೊದಲ ಪಂದ್ಯ 1990, ಬ್ಯೂನಸ್ ಐರಿಸ್. 1992ರಲ್ಲಿ ವೇಲ್ಸ್ ಎದುರು ಕತ್ತಿನ ಡಿಸ್ಕ್ ಹೋಯಿತು, ತೋಳಲ್ಲಿ ಬಲ ಉಳಿಯಲಿಲ್ಲ. ಸೊಂಟದ ಮೂಳೆಯ ಚೂರು ತೆಗೆದು ಕತ್ತಿಗೆ ಕೂರಿಸಿದರು. ಅದೇ ಅಕ್ಟೋಬರ್‌ನಲ್ಲಿ ವೆಂಬ್ಲಿಯಲ್ಲಿ ಕೆನಡಾ ಎದುರು ಮತ್ತೆ ಅದೇ ಕತ್ತು ಸ್ಕ್ರಮ್ಮಿಗೆ. ಆಗಿನ್ನೂ ಆಟಕ್ಕೆ ಸಂಬಳವಿಲ್ಲ. ಯೂನಿಯನ್ ರಗ್ಬಿ, ಅಂದರೆ ಹದಿನೈದು ಜನರ ಈ ಆಟ, ವೃತ್ತಿಯಾದದ್ದು 1995ರ ಆಗಸ್ಟ್‌ನಲ್ಲಿ. ಅವನ ವೃತ್ತಿಜೀವನ ಈ ಗೆರೆಯ ಎರಡೂ ಕಡೆ ಹರಡಿದೆ. 2004ರ ತನಕ 114 ಪಂದ್ಯ. ಇಂಗ್ಲೆಂಡ್ ಗಂಡಸರ ಆ ದಾಖಲೆ ಮುರಿಯಲು 2022ರಲ್ಲಿ ಬೆನ್ ಯಂಗ್ಸ್ ಬರಬೇಕಾಯಿತು.

ಪಂದ್ಯದ ಲೆಕ್ಕಕ್ಕಿಂತ ನನಗೆ ದೊಡ್ಡದು ಅನ್ನಿಸುವುದು ಅವನು ಲೂಸ್‌ಹೆಡ್, ಟೈಟ್‌ಹೆಡ್ ಎರಡೂ ಕಡೆ ಆಡಿದ್ದು. ನೊಗದ ಎಡಕ್ಕೆ ಪಳಗಿದ ಎತ್ತನ್ನು ಬಲಕ್ಕೆ ಕಟ್ಟಿದ ಹಾಗೆ ಅದು. ಭಾರ ಬೀಳುವ ಹೆಗಲು ಬೇರೆ, ಕತ್ತು ತಿರುಚಿಕೊಳ್ಳುವ ದಿಕ್ಕು ಬೇರೆ, ಮುಂದಿಡುವ ಕಾಲೂ ಬೇರೆ. ಹರೆಯದಲ್ಲಿ ಇದು ಕೈಗೆ ಹತ್ತುವುದಿಲ್ಲ, ಒಳ್ಳೇ ಪ್ರಾಪ್‌ಗಳು ಮಾಗುವುದೇ ಮೂವತ್ತರ ಆಸುಪಾಸು.

ತೇಜುಗೆ ಇಷ್ಟೆಲ್ಲ ಹೇಳಲಿಲ್ಲ. ಲೆನರ್ಡ್‌ನನ್ನು ತೋರಿಸಿ, "ಹಾಗಾದ್ರೆ ಇವ್ನು ಬಂದ್ಮೇಲೆ ಕಾಲು ಎಲ್ಲಿಟ್ಟ?" ಅಂದ. ಒಳ್ಳೇ ಪ್ರಶ್ನೆ. ಆ ಸ್ಕ್ರಮ್ ಎರಡು ಸಲ ಹಿಂದಕ್ಕೆ ಓಡಿಸಿದೆ, ಕ್ಯಾಮೆರಾ ಆಚೆ ಪಕ್ಕದಲ್ಲಿತ್ತು. ಬಲಪಾದ ಕಾಣುತ್ತದೆ, ಆದರೆ ಲಾಕ್‌ನ ತಲೆ ಅಡ್ಡ ಬರುತ್ತದೆ.