ಎಚ್‌ಲಾಕ್ ಅನ್ನುವ ಒಂದು ಸಾಲು

ಇವತ್ತು ಹಳೇ ಮ್ಯಾಕಿಂಟಾಷ್ ಕೋಡ್ ಓದುವಾಗ ಕಣ್ಣು ನಿಂತಿದ್ದು ಒಂದೇ ಸಾಲಿನ ಮೇಲೆ, ಡೇಟಾ ತುಣುಕೊಂದನ್ನು ಮೆಮೊರಿಯಲ್ಲಿ ಕದಲದ ಹಾಗೆ ಹಿಡಿದಿಡುವ ಆಜ್ಞೆ: ಎಚ್‌ಲಾಕ್.

1984ರ ಮೊದಲ ಮ್ಯಾಕ್‌ನಲ್ಲಿ ಇದ್ದದ್ದೇ 128 ಕೆಬಿ ಮೆಮೊರಿ. 512×342 ಚುಕ್ಕೆಗಳ ಪರದೆಗೇ ಅದರಲ್ಲಿ 21,888 ಬೈಟ್ ಖರ್ಚು.

ಉಳಿದ ಜಾಗ ಚೂರುಚೂರಾಗದಿರಲಿ ಅಂತ ಸಿಸ್ಟಮ್ಮೇ ಡೇಟಾ ತುಣುಕುಗಳನ್ನು ಸರಿಸಿ ಒತ್ತೊತ್ತಾಗಿ ಜೋಡಿಸುತ್ತಿತ್ತು. ಅದಕ್ಕೇ ಹ್ಯಾಂಡಲ್: ಪಾಯಿಂಟರಿಗೊಂದು ಪಾಯಿಂಟರ್, ಅಂದರೆ ಡೇಟಾದ ವಿಳಾಸ ಬರೆದಿಟ್ಟ ಜಾಗದ ವಿಳಾಸ. ಡೇಟಾ ಸರಿದರೆ ಸಿಸ್ಟಮ್ ಒಳಗಿನ ವಿಳಾಸವನ್ನಷ್ಟೇ ತಿದ್ದುತ್ತಿತ್ತು.

ಒಳಗಿನ ವಿಳಾಸ ಹಿಡಿದುಕೊಂಡು ಮಧ್ಯೆ ಹೊಸ ಜಾಗ ಕೇಳುವ ಒಂದು ನ್ಯೂಹ್ಯಾಂಡಲ್ ಕರೆದರೆ ಸಾಕು, ಡೇಟಾ ಜಾಗ ಬದಲಿಸಿರಬಹುದು. ಆಮೇಲೆ ನಾವು ಬರೆಯುವುದು ಇನ್ಯಾರದೋ ಜಾಗಕ್ಕೆ. ತಡೆಯಲು ಆಗ ಮೆಮೊರಿ ರಕ್ಷಣೆಯೂ ಇರಲಿಲ್ಲ. ತಪ್ಪು ಇಲ್ಲಿ, ಸಿಸ್ಟಮ್ ಕುಸಿದಾಗ ಬರುವ ಬಾಂಬ್ ಚಿತ್ರ ಕಾಣುವುದು ಎಲ್ಲೋ ಮುಂದೆ. ಮೆಮೊರಿಯಲ್ಲಿ ಬೇಕಾದಷ್ಟು ಖಾಲಿ ಜಾಗ ಇದ್ದರೆ ಡೇಟಾ ಸರಿಯುವುದೇ ಇಲ್ಲ, ಬಾಂಬೂ ಕಾಣಲ್ಲ, ಹಾಗಾಗಿ ಹುಡುಕುವುದು ನಿಜಕ್ಕೂ ಕಷ್ಟ.

ಹಾಗಂತ ಲಾಕ್ ಮಾಡಿ ಮರೆತರೆ ಹೀಪಿನ (ಈ ತುಣುಕುಗಳಿರುವ ಮೆಮೊರಿ ಭಾಗದ) ನಡುವೆ ಬಂಡೆ ಕೂತ ಹಾಗೆ. ಮೊದಲು ತುಣುಕನ್ನು ಹೀಪಿನ ಮೇಲ್ತುದಿಗೆ ಸರಿಸುವ ಮೂವ್‌ಎಚ್‌ಹೈ, ಆಮೇಲೆ ಎಚ್‌ಲಾಕ್, ಕೆಲಸ ಮುಗಿದ ತಕ್ಷಣ ಎಚ್‌ಅನ್‌ಲಾಕ್.