ಸೇನೆಯ ಧ್ಯೇಯವಾಕ್ಯ, ಮಳೆಗಾಲದ ಲೈನ್ ಕೆಲಸ

ಸೇನೆಯಲ್ಲಿದ್ದು ಬಂದು ವಿದ್ಯುತ್ ಲೈನಿನ ಉಸ್ತುವಾರಿ ಹೊತ್ತವರಿಗೆ ಧ್ಯೇಯವಾಕ್ಯಗಳು ಬಾಯಿಪಾಠ. ಆಗುಂಬೆ, ಹೊಸನಗರ ಕಡೆ ಆಷಾಢದಲ್ಲಿ ಮರ ಬಿದ್ದು 11 ಕೆವಿ ಫೀಡರ್ (ಸಬ್‌ಸ್ಟೇಷನ್ನಿನಿಂದ ಊರುಗಳಿಗೆ ಕರೆಂಟ್ ಒಯ್ಯುವ ಲೈನು) ಹೋದಾಗ ಅವನ್ನು ಪಾಲಿಸುವುದು ಹೇಗೆ ಅನ್ನುವುದೇ ಕಷ್ಟದ ಪ್ರಶ್ನೆ.

1932ರಲ್ಲಿ ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿಯ ಉದ್ಘಾಟನೆಯಲ್ಲಿ ಆಗಿನ ಕಮಾಂಡರ್-ಇನ್-ಚೀಫ್ ಫಿಲಿಪ್ ಚೆಟ್‌ವುಡ್ ಒಂದು ಸರದಿ ಹೇಳಿದರು: ಮೊದಲು ದೇಶದ ಸುರಕ್ಷತೆ, ಮಾನ, ಹಿತ, ಆಮೇಲೆ ನಿಮ್ಮ ಕೈಕೆಳಗಿನವರದು, ನಿಮ್ಮ ಸ್ವಂತ ಸುಖ, ಸುರಕ್ಷತೆ ಯಾವಾಗಲೂ ಕೊನೆಗೆ. ಲೈನಿನಲ್ಲಿ ಈ ಸರದಿ ಪರೀಕ್ಷೆಗೆ ಬೀಳುವುದು ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಕರೆಂಟ್ ತೆಗೆಸಿ ಕೆಲಸ ಮಾಡಲು ಸಬ್‌ಸ್ಟೇಷನ್ ಕೊಡುವ ಅನುಮತಿ) ತೆಗೆದುಕೊಂಡ ಮೇಲಿನ ಹತ್ತಿಪ್ಪತ್ತು ನಿಮಿಷಗಳಲ್ಲಿ. ಊರಿನವರ ಫೋನು, ಮೇಲಿನವರ ಫೋನು ನಿಲ್ಲುವುದಿಲ್ಲ. ಆ ಬೈಗುಳ ಕೇಳುವುದು ಉಸ್ತುವಾರಿಯ ಕೆಲಸ. ಅದರ ಬಿಸಿ ಕಂಬ ಹತ್ತುವ ಹುಡುಗನಿಗೆ ತಾಗಬಾರದು.

ಸಬ್‌ಸ್ಟೇಷನ್ನಿನಿಂದ ಎಲ್‌ಸಿ ನಂಬರ್ ಬಂತು ಅಂದರೆ ಲೈನಿನಲ್ಲಿ ಕರೆಂಟ್ ಇಲ್ಲ ಅಂತಲ್ಲ. ಜಿಓಎಸ್ (ಮೂರೂ ತಂತಿಯನ್ನು ಒಟ್ಟಿಗೆ ಬಿಡಿಸುವ, ಕಂಬದ ಮೇಲಿನ ಸ್ವಿಚ್) ಎಳೆದು ಮೂರೂ ಬ್ಲೇಡ್ ಬಿಟ್ಟಿವೆಯೇ ಎಂದು ಕತ್ತೆತ್ತಿ ನೋಡಬೇಕು. ನಮ್ಮ ಮಳೆಗೆ ತುಕ್ಕು ಹಿಡಿದ ಜಿಓಎಸ್‌ನಲ್ಲಿ ಹಿಡಿಕೆ ಪೂರ್ತಿ ಕೆಳಗೆ ಬಂದರೂ ಒಂದು ಬ್ಲೇಡ್ ಕಚ್ಚಿಕೊಂಡೇ ಇರಬಹುದು. ಹಿಡಿಕೆಗೆ ಬೀಗ ಹಾಕಿ, ಕೀಲಿ ಉಸ್ತುವಾರಿಯ ಜೇಬಿನಲ್ಲೇ ಇರಬೇಕು. ಟೆಸ್ಟರನ್ನು ಮೊದಲು ಕರೆಂಟ್ ಇರುವ ಕಡೆ, ಆಮೇಲೆ ಈ ಲೈನಿಗೆ, ಮತ್ತೆ ಕರೆಂಟ್ ಇರುವ ಕಡೆ ಹಿಡಿದು ನೋಡಬೇಕು. ಕೆಟ್ಟ ಟೆಸ್ಟರ್ ಯಾವ ಲೈನಿಗೆ ಹಿಡಿದರೂ ಸುಮ್ಮನೇ ಇರುತ್ತದೆ.

ಆಮೇಲೆ ಅರ್ಥಿಂಗ್, ಅಂದರೆ ತಂತಿಯನ್ನು ನೆಲಕ್ಕೆ ಜೋಡಿಸುವುದು. ಮೊದಲು ನೆಲದ ಕ್ಲಾಂಪ್, ನಂತರ ಡಿಸ್ಚಾರ್ಜ್ ರಾಡಿನಿಂದ (ಕರೆಂಟ್ ಹರಿಯದ ಹಿಡಿಯಿರುವ ಅರ್ಥಿಂಗ್ ಕೋಲು) ತಂತಿಗೆ. ಬಿಚ್ಚುವಾಗ ತಂತಿಯದು ಮೊದಲು, ನೆಲದ್ದು ಕೊನೆಗೆ. ಮೂರೂ ಫೇಸಿಗೆ, ಕೆಲಸದ ಜಾಗದ ಎರಡೂ ಬದಿಗೆ. ಸಬ್‌ಸ್ಟೇಷನ್ ಬದಿ ಹಾಕಿದರೆ ಸಾಕು ಅನ್ನುವವರು ತೋಟದ ಮನೆಗಳ ಜನರೇಟರನ್ನು ಮರೆತಿರುತ್ತಾರೆ. ಮನೆಯನ್ನು ಲೈನಿನಿಂದ ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಅದನ್ನು ಸ್ಟಾರ್ಟ್ ಮಾಡಿದರೆ ಆ 230 ವೋಲ್ಟ್ ಟಿಸಿಯೊಳಗೆ (ಊರಿನ ಟ್ರಾನ್ಸ್‌ಫಾರ್ಮರ್) ಹಿಮ್ಮುಖವಾಗಿ ನುಗ್ಗಿ, ಮೇಲಿನ ತಂತಿಯಲ್ಲಿ ಸಾವಿರಾರು ವೋಲ್ಟ್ ಆಗುತ್ತದೆ. ಹಾಗಾಗಿ ಆ ಭಾಗದ ಟಿಸಿಗಳ ಎಲ್‌ಟಿ (ಮನೆಗಳ ಕಡೆಯ ಕಡಿಮೆ ವೋಲ್ಟಿನ) ಫ್ಯೂಸನ್ನೂ ಕಿತ್ತಿಡಬೇಕು. ಇದಕ್ಕೆ ಅರ್ಧ ಗಂಟೆ ಹೆಚ್ಚು ಹಿಡಿದರೆ ಹಿಡಿಯಲಿ.

ಸೇನೆಯ ಸಂಪರ್ಕ ನೋಡಿಕೊಳ್ಳುವ ಸಿಗ್ನಲ್ಸ್ ಕೋರ್‌ನ ಧ್ಯೇಯ ‘ತೀವ್ರ ಚೌಕಸ್’. ಚುರುಕಿನ ಜೊತೆಗೇ ಎಚ್ಚರ. ಸಬ್‌ಸ್ಟೇಷನ್ ಆಪರೇಟರ್ ಜೊತೆ ಮಾತಾಡುವಾಗ ಫೀಡರ್ ಹೆಸರು, ಎಲ್‌ಸಿ ನಂಬರ್, ಜಿಓಎಸ್ ಇರುವ ಜಾಗ ಮೂರನ್ನೂ ಆ ಕಡೆಯವರು ತಿರುಗಿ ಹೇಳಬೇಕು, ಈ ಕಡೆಯವರು ಹೌದು ಅನ್ನಬೇಕು. ಒಂದೇ ರಸ್ತೆಯಲ್ಲಿ ಎರಡು ಫೀಡರ್ ಓಡುವ ಕಡೆ ಬರೀ ‘ಆಯ್ತು ಸಾರ್’ ಸಾಲದು. ಘಾಟಿಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ ಎಂದು ‘ಐದು ಗಂಟೆಗೆ ಚಾರ್ಜ್ ಮಾಡಿಬಿಡಿ’ (ಲೈನಿಗೆ ಕರೆಂಟ್ ಬಿಡಿ) ಅಂತ ಮೊದಲೇ ಹೇಳಿಡುವುದು ಕೊಲೆಗೆ ಸಮ. ಸಿಗ್ನಲ್ ಸಿಗುವ ತಿರುವಿನಲ್ಲಿ ಒಬ್ಬನನ್ನು ನಿಲ್ಲಿಸಬೇಕು, ಅವನ ಕೈಯಲ್ಲಿ ಹೇಳಬೇಕಾದ್ದನ್ನು ಬರೆದ ಚೀಟಿ ಇರಬೇಕು.

ಡೆಹ್ರಾಡೂನಿನ ಅಕಾಡೆಮಿಯ ಸ್ವಂತ ಧ್ಯೇಯ ‘ವೀರತಾ ಔರ್ ವಿವೇಕ್’. ಗ್ಯಾಂಗಿನ ಹೊಸ ಹುಡುಗರಿಗೆ ಮೊದಲನೆಯದು ಬೇಗ ಹಿಡಿಸುತ್ತದೆ: ಬೆಲ್ಟ್ ಇಲ್ಲದೆ ಪಾಚಿ ಹಿಡಿದ ಕಂಬ ಹತ್ತುತ್ತಾರೆ, ಗ್ಲೌಸ್ ಬಿಚ್ಚಿ ಜಂಪರ್ (ತಂತಿಗೆ ತಂತಿ ಸೇರಿಸುವ ತುಂಡು) ಕಟ್ಟುತ್ತಾರೆ. ಅಂಥವನಿಗೆ ಶಹಬ್ಬಾಸ್ ಅನ್ನಬೇಡಿ, ಕೆಳಗಿಳಿಸಿ. ಗುಡುಗು ಕೇಳಿದರೆ ಎಲ್ಲರನ್ನೂ ಇಳಿಸಿ. ಮೈಲಿ ದೂರದಲ್ಲಿ ಬಡಿದ ಸಿಡಿಲೂ ತಂತಿ ಹಿಡಿದು ಬರುತ್ತದೆ.

ಕೆಲಸ ಮುಗಿದ ಮೇಲೆ ಹೆಸರು ಕೂಗಿ, ಒಬ್ಬೊಬ್ಬರನ್ನೂ ನೆಲದ ಮೇಲೆ ಕಣ್ಣಾರೆ ನೋಡಿ, ಅರ್ಥಿಂಗ್ ರಾಡ್ ಎಣಿಸಿ. ತಂದಷ್ಟು ಜೀಪಿಗೆ ಬಂದಿರಬೇಕು. ಎಲ್‌ಸಿ ತೆಗೆದುಕೊಂಡವನೇ ವಾಪಸ್ ಕೊಡಬೇಕು. ಪಾಳಿ ಬದಲಾದರೆ ಬರೆದು, ಸಹಿ ಹಾಕಿ ವಹಿಸಬೇಕು. ಆ ಸಹಿ ಇಲ್ಲದಿದ್ದರೆ, ಊರೆಲ್ಲ ಕತ್ತಲಲ್ಲಿದ್ದರೂ, ಫೀಡರ್ ಚಾರ್ಜ್ ಮಾಡಕೂಡದು.