ಅಂತರಗಂಗೆ ಬಂಡೆ, ಅಂಗೈಯಗಲದ ಗಾಡಿ, ಐವತ್ತು ಗ್ರಾಂ ಸೀಸ

ಭಾನುವಾರ ಬೆಳಿಗ್ಗೆ ಆರೂವರೆಗೆ ಕೋಲಾರದ ಅಂತರಗಂಗೆ ಬೆಟ್ಟದ ಮೆಟ್ಟಿಲ ಪಕ್ಕ, ಒಂದು ಬಂಡೆ ಮುಂದೆ ಕುಕ್ಕರಗಾಲಲ್ಲಿ ಕೂತಿರುವ ಗಂಡಸನ್ನು ನೀವೇನಾದರೂ ನೋಡಿದ್ದರೆ, ಅದು ನಾನೇ. ಧ್ಯಾನ ಅಲ್ಲ. ಕೈಯಲ್ಲಿ ರಿಮೋಟ್ ಇತ್ತು, ಬಂಡೆ ಮೇಲೆ ಅಂಗೈಯಗಲದ ಒಂದು ಜೀಪು ಅಂಗಾತ ಬಿದ್ದು ನಾಲ್ಕೂ ಚಕ್ರ ತಿರುಗಿಸುತ್ತಿತ್ತು, ಮತ್ತು ದೇವಸ್ಥಾನಕ್ಕೆ ಹೊರಟಿದ್ದ ಒಬ್ಬ ಯಜಮಾನರು ನಿಂತು, "ಏನಪ್ಪಾ, ಮಗೂದಾ?" ಅಂತ ಕೇಳಿದರು. "ಹೂಂ, ಅಕ್ಕನ ಮಗಂದು" ಅಂದೆ. ಸುಳ್ಳು. ನನ್ನದೇ.

ಇದು 1/24 ಅಳತೆಯ ಗಾಡಿ. ಅಂದರೆ ನಿಜವಾದ ಜೀಪಿನ ಉದ್ದ, ಅಗಲ, ಎತ್ತರ ಎಲ್ಲವನ್ನೂ 24ರಿಂದ ಭಾಗಿಸಿದಷ್ಟು. ಆಕ್ಸಿಯಲ್ ಕಂಪನಿಯ ಎಸ್‌ಸಿಎಕ್ಸ್24, ಎಫ್‌ಎಂಎಸ್ ಕಂಪನಿಯ ಎಫ್‌ಸಿಎಕ್ಸ್24 ಗಾಡಿಗಳು ಇದೇ ಅಳತೆ. ಟ್ರಾಕ್ಸಸ್‌ನ ಟಿಆರ್‌ಎಕ್ಸ್-4ಎಂ ಸ್ವಲ್ಪ ದೊಡ್ಡದು, 1/18. ರಸ್ತೆ ಮೇಲೆ ರೊಯ್ ಅಂತ ಓಡೋ ಕಾರುಗಳಲ್ಲ ಇವು. ಕಲ್ಲು ಹತ್ತೋಕೆ ಮಾಡಿದ ಗಾಡಿಗಳು, ಆಮೆ ಥರ. ಆ ಲೆಕ್ಕದಲ್ಲಿ ನಾಲ್ಕು ಸೆಂಟಿಮೀಟರ್ ಕಲ್ಲು ಅಂದರೆ ಅದರ ಪಾಲಿಗೆ ಹೆಚ್ಚುಕಡಿಮೆ ಒಂದು ಮೀಟರ್ ಬಂಡೆ. ಹಾಗೆ ನೋಡಿದರೆ ನಮ್ಮ ಕೋಲಾರದವರಿಗೆ ಟ್ರ್ಯಾಕ್ ಕಟ್ಟಿಸೋ ಖರ್ಚೇ ಇಲ್ಲ. ಶತಶೃಂಗ ಬೆಟ್ಟದ ತುಂಬ ದೇವರೇ ಕಟ್ಟಿಟ್ಟಿದ್ದಾನೆ.

ನಾನು ನರಸಾಪುರದ ಕಡೆ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸದವನು. ಮೆಷಿನ್ ಜೊತೆ ದಿನಾ ಒಡನಾಟ. ಆದರೂ ಎಲ್ಲರೂ ಮಾಡೋ ತಪ್ಪನ್ನೇ ಮೊದಲು ಮಾಡಿದೆ. ಗಾಡಿ ಹತ್ತುತ್ತಿಲ್ಲ ಅಂದರೆ ಪವರ್ ಸಾಲದು ಅಂತ ತಾನೆ ಅನ್ನಿಸೋದು? ಕಡಿಮೆ ಟರ್ನಿನ ಮೋಟಾರ್ ತಂದು ಹಾಕಿದೆ. ಮೋಟಾರಿನ ಒಳಗೆ ತಾಮ್ರದ ತಂತಿ ಎಷ್ಟು ಸುತ್ತು ಸುತ್ತಿದ್ದಾರೆ ಅನ್ನೋದೇ ಟರ್ನ್. ಸುತ್ತು ಕಡಿಮೆ ಇದ್ದರೆ ಜೋರಾಗಿ ತಿರುಗುತ್ತೆ, ಕರೆಂಟ್ ಜಾಸ್ತಿ ಕುಡಿಯುತ್ತೆ, ಬಿಸಿಯೂ ಜಾಸ್ತಿ. ಸುತ್ತು ಜಾಸ್ತಿ ಇದ್ದರೆ ನಿಧಾನ, ಆದರೆ ಬೆರಳ ತುದಿಯಲ್ಲಿ ಹೇಳಿದ ಹಾಗೆ ಕೇಳುತ್ತೆ. ನನಗೆ ಬೇಕಾಗಿದ್ದು ಎರಡನೆಯದು, ತಂದಿದ್ದು ಮೊದಲನೆಯದು. ಫಲ ಏನಾಯ್ತು ಅಂದರೆ ಮುಂಚೆ ನಿಧಾನವಾಗಿ ಮಗುಚುತ್ತಿದ್ದ ಗಾಡಿ ಈಗ ಜೋರಾಗಿ ಮಗುಚೋಕೆ ಶುರು ಮಾಡಿತು.

ಅಷ್ಟಕ್ಕೆ ಬುದ್ಧಿ ಬರಬೇಕಿತ್ತಲ್ವಾ? ಬರಲಿಲ್ಲ. ಎರಡು ಸೆಲ್ ಬ್ಯಾಟರಿ ತೆಗೆದು ಮೂರು ಸೆಲ್ಲಿಂದು ಹಾಕಿದೆ. ಇದರಲ್ಲಿರೋದು ಲಿಪೋ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ. ಒಂದು ಸೆಲ್ ಅಂದರೆ 3.7 ವೋಲ್ಟ್, ಎರಡಕ್ಕೆ 7.4, ಮೂರಕ್ಕೆ 11.1. ಮೋಟಾರಿಗೆ ಕರೆಂಟ್ ಹಂಚೋ ಎಲೆಕ್ಟ್ರಾನಿಕ್ ಬೋರ್ಡಿನ ಮೇಲೆ ಸಣ್ಣ ಅಕ್ಷರದಲ್ಲಿ ಎರಡು ಸೆಲ್ ಮಾತ್ರ ಅಂತ ಬರೆದೇ ಇತ್ತು, ಅದನ್ನು ನಾನು ಓದಿದ್ದು ಹೊಗೆ ಬಂದಮೇಲೆ. ಒಂದು ಎಳೆ, ಊದುಬತ್ತಿಯಷ್ಟೇ ತೆಳ್ಳಗೆ. ಪೂರ್ತಿ ಸಂಬಳ ಬಂದು ಎರಡೇ ದಿನ ಆಗಿತ್ತು.

ಹೊಸ ಬೋರ್ಡ್ ಬರೋವರೆಗೆ ಗಾಡಿ ಓಡಿಸೋಕಾಗಲ್ಲ. ಸುಮ್ನೆ ಕೂರೋದು ಯಾಕೆ ಅಂತ ಅಮ್ಮನ ಅಡುಗೆಮನೆ ತಕ್ಕಡಿ ತಂದು ಗಾಡಿ ತೂಕ ಹಾಕಿದೆ. ಇದನ್ನು ಮೊದಲನೇ ದಿನವೇ ಮಾಡಬೇಕಿತ್ತು. ಮಾಡೋದು ಹೀಗೆ: ಮುಂದಿನ ಎರಡು ಚಕ್ರ ತಕ್ಕಡಿ ಮೇಲೆ, ಹಿಂದಿನ ಎರಡು ಚಕ್ರ ತಕ್ಕಡಿಯಷ್ಟೇ ಎತ್ತರ ಇರೋ ಪುಸ್ತಕದ ಮೇಲೆ. ಆಮೇಲೆ ತಿರುಗಿಸಿ ಇನ್ನೊಂದು ಸಲ. ಮುಂದೆ 118 ಗ್ರಾಂ, ಹಿಂದೆ 142 ಗ್ರಾಂ ಬಂತು. ಒಟ್ಟು 260. ಅಂದರೆ ಮುಂದಿನ ಚಕ್ರದ ಮೇಲೆ ನೂರಕ್ಕೆ 45ರಷ್ಟು ತೂಕ ಮಾತ್ರ. ಬಂಡೆ ಹತ್ತುವಾಗ ತೂಕ ತಾನಾಗೇ ಹಿಂದಕ್ಕೆ ಹೋಗುತ್ತೆ. ಮೊದಲೇ ಹಿಂದೆ ಭಾರ ಇದ್ದರೆ ಮುಂದಿನ ಚಕ್ರ ಗಾಳಿಯಲ್ಲಿ ಆಡುತ್ತೆ. ಅದರ ಮೇಲೆ ನಾನು ಚೆಂದ ಕಾಣಲಿ ಅಂತ ಛಾವಣಿ ಮೇಲೆ ಅಲ್ಯೂಮಿನಿಯಂ ಕ್ಯಾರಿಯರ್ ಬೇರೆ ಕೂರಿಸಿದ್ದೆ, ಅದಕ್ಕೊಂದು ಆಟಿಕೆ ಜೆರ್ರಿ ಕ್ಯಾನು. ಭಾರ ಹಾಕಬಾರದ ಜಾಗ ಅಂತ ಒಂದಿದ್ದರೆ ಅದು ಛಾವಣಿ.

ಚಿಕ್ಕ ಗಾಡಿಗಳಿಗೆ ಇನ್ನೊಂದು ಕಷ್ಟ ಇದೆ. ಅಳತೆ 24 ಪಟ್ಟು ಕಡಿಮೆ ಆದರೆ ತೂಕ 24 ಪಟ್ಟಲ್ಲ, 24 ಗುಣಿಸು 24 ಗುಣಿಸು 24, ಅಂದರೆ 13,824 ಪಟ್ಟು ಕಡಿಮೆ ಆಗಬೇಕು. 1,800 ಕೆಜಿ ಜೀಪಿಗೆ ಈ ಲೆಕ್ಕ ಹಾಕಿದರೆ ಬರೀ 130 ಗ್ರಾಂ. ನಮ್ಮ ಗಾಡಿ ಅದರ ಎರಡರಷ್ಟು ತೂಗಿದರೂ ಹಗುರವೇ, ಕಲ್ಲಿಗೆ ಚಕ್ರ ಒತ್ತಿ ಹಿಡಿಯೋಕೆ ಸಾಲಲ್ಲ, ಒಂದು ಸಣ್ಣ ಕುಲುಕಿಗೇ ಎಗರುತ್ತೆ. ಅದಕ್ಕೇ ಈ ಹವ್ಯಾಸದವರೆಲ್ಲ ಹಿತ್ತಾಳೆ ಹಿತ್ತಾಳೆ ಅಂತ ಜಪ ಮಾಡೋದು. ಹಿತ್ತಾಳೆಯ ಆಕ್ಸಲ್ ಕವರ್, ಹಿತ್ತಾಳೆ ರಿಮ್ಮು, ಎಲ್ಲಾ ಸಿಗುತ್ತೆ. ಅಲ್ಯೂಮಿನಿಯಂಗಿಂತ ಹಿತ್ತಾಳೆ ಮೂರು ಪಟ್ಟು ಭಾರ. ಬೆಲೆಯೂ ಹಾಗೇ.

ನನಗೆ ದಾರಿ ತೋರಿಸಿದ್ದು ಮುಳಬಾಗಿಲು ರಸ್ತೆಯ ಒಂದು ವೀಲ್ ಬ್ಯಾಲೆನ್ಸಿಂಗ್ ಅಂಗಡಿ. ಕಾರಿನ ರಿಮ್ಮಿಗೆ ಅಂಟಿಸೋ ಸಣ್ಣ ಸಣ್ಣ ಪಟ್ಟಿಗಳು ಗೊತ್ತಲ್ವಾ, ಐದು ಗ್ರಾಂ, ಹತ್ತು ಗ್ರಾಂ ಅಂತ ಗುರುತು ಇರುತ್ತೆ, ಹಿಂದೆ ಅಂಟು. ಬಿಚ್ಚಿ ಬಿಸಾಕಿದ್ದವು ಒಂದು ಡಬ್ಬದ ತುಂಬ ಇದ್ದವು. "ಅಣ್ಣ, ಒಂದು ಹಿಡಿ ತಗೊಳ್ಳಲಾ?" ಅಂದೆ. "ತಗೋ ಹೋಗಣ್ಣ, ಯಾತಕ್ಕೆ?" ಅಂದ. ಗಾಡಿ ತೋರಿಸಿದೆ. ಕೆಲಸ ಬಿಟ್ಟು ಬಂದು ಕೈಯಲ್ಲಿ ಹಿಡಿದು, ಶಾಕ್ಸ್ ಒತ್ತಿ ನೋಡಿ, "ಇದಕ್ಕೆ ಅಲೈನ್‌ಮೆಂಟ್ ಔಟಾಗಿದೆ" ಅಂತ ಗಂಭೀರವಾಗಿ ಹೇಳಿದ. ಮುಂದಿನ ಚಕ್ರ ನಿಜವಾಗಿಯೂ ಸೊಟ್ಟ ಇತ್ತು! ಈ ಪಟ್ಟಿಗಳಲ್ಲಿ ಕೆಲವು ಸೀಸ, ಕೆಲವು ಕಬ್ಬಿಣ. ಸೀಸದ್ದು ಮೆತ್ತಗಿರುತ್ತೆ, ಕೈಯಲ್ಲೇ ಬಾಗುತ್ತೆ, ಚಿಕ್ಕ ರಿಮ್ಮಿನ ಸುತ್ತ ಸುತ್ತೋಕೆ ಅದೇ ಸರಿ. ಆದರೆ ಸೀಸ ವಿಷ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೀಬೇಕು, ಮಕ್ಕಳ ಕೈಗೆ ಕೊಡಬಾರದು, ಉಜ್ಜಿ ಪುಡಿ ಮಾಡಲೇಬಾರದು.

ರಿಮ್ಮಿನ ಒಳಗೆ ಹಾಕಬೇಕು ಅಂದರೆ ಟೈರ್ ಬಿಚ್ಚಬೇಕು. ಟೈರನ್ನು ರಿಮ್ಮಿಗೆ ಫೆವಿಕ್ವಿಕ್ ಥರದ ಅಂಟು ಹಾಕಿ ಕೂರಿಸಿದ್ದರು. ಎಳೆದರೆ ರಬ್ಬರ್ ಹರಿಯುತ್ತೆ. ಹಳೇ ಪಾತ್ರೆಯಲ್ಲಿ ನೀರು ಕುದಿಸಿ ಹತ್ತು ನಿಮಿಷ ಬಿಟ್ಟರೆ ಅಂಟು ಸೋಲುತ್ತೆ. ಅಮ್ಮ ಬಂದು ಪಾತ್ರೆ ಇಣುಕಿ ನೋಡಿ, "ಏನೋ ಇದು, ಟೈರ್ ಬಸ್ಸಾರಾ?" ಅಂದಳು. ನಾಲ್ಕು ಟೈರಲ್ಲಿ ಮೂರು ಸಲೀಸಾಗಿ ಬಂದವು, ನಾಲ್ಕನೆಯದನ್ನು ಇನ್ನೊಂದು ಸಲ ಬಸಿಯಬೇಕಾಯ್ತು.

ಮುಂದಿನ ಎರಡು ರಿಮ್ಮಿಗೆ ತಲಾ ಹತ್ತು ಗ್ರಾಂ. ಮುಂದಿನ ಆಕ್ಸಲ್ ಮೇಲೆ ಇಪ್ಪತ್ತು, ಹಿಂದಿನದರ ಮೇಲೆ ಹತ್ತು. ಒಟ್ಟು ಐವತ್ತು. ಆಮೇಲೆ ಬ್ಯಾಟರಿಯನ್ನು ಹಿಂದಿನಿಂದ ಕಿತ್ತು ಮುಂದೆ, ಸರ್ವೋ (ಮುಂದಿನ ಚಕ್ರಗಳನ್ನು ಎಡಕ್ಕೆ ಬಲಕ್ಕೆ ತಿರುಗಿಸೋ ಪುಟ್ಟ ಮೋಟಾರ್) ಪಕ್ಕ, ಕೆಳಗೆ ಕೂರಿಸಿದೆ. ಇದಕ್ಕೆ ಖರ್ಚು ಒಂದು ವೆಲ್ಕ್ರೋ ತುಂಡು. ಎಲ್ಲಾ ಭಾರವೂ ಶಾಕ್ಸಿನ ಕೆಳಗೇ ಇರಬೇಕು ಅನ್ನೋದು ಮುಖ್ಯ. ಶಾಕ್ಸಿನ ಮೇಲಿರೋ ಗಾಡಿಯ ಮೈ ಮೇಲೆ ಹಾಕಿದರೆ ಅದು ಓಲಾಡಿ ಇನ್ನೂ ಬೇಗ ಮಗುಚುತ್ತೆ. ಮತ್ತೆ ತೂಕ: ಮುಂದೆ 172, ಹಿಂದೆ 138. ನೂರಕ್ಕೆ 55 ಮುಂದೆ. ಕಲ್ಲು ಹತ್ತೋರು ಮುಂದೆ 60, ಹಿಂದೆ 40 ಇರಬೇಕು ಅಂತಾರೆ. ನನಗೆ ಇಷ್ಟು ಸಾಕಾಯ್ತು. ತೂಕ ಹಾಕಿದ ಮೇಲೆ ಛಾವಣಿ ಕ್ಯಾರಿಯರ್ ಕಿತ್ತು ಅಕ್ಕನ ಮಗನಿಗೆ ಕೊಟ್ಟೆ.

ಹೊಸ ಬೋರ್ಡ್ ಬಂದ ದಿನ ಒಂದು ಹಲಗೆಗೆ ಎಮರಿ ಪೇಪರ್ ಅಂಟಿಸಿ, ಗೋಡೆಗೆ ಒರಗಿಸಿ, ಫೋನಿನ ಲೆವೆಲ್ ಆಪ್ ಇಟ್ಟು ಕೋನ ನೋಡಿದೆ. ಮೊದಲು 41 ಡಿಗ್ರಿಗೆಲ್ಲ ಹಿಂದಕ್ಕೆ ಪಲ್ಟಿ ಹೊಡೀತಿದ್ದ ಗಾಡಿ 49 ಡಿಗ್ರಿವರೆಗೂ ಹತ್ತಿತು. ಅದಕ್ಕಿಂತ ಖುಷಿ ಕೊಟ್ಟಿದ್ದು ಬೇರೆ. 49ರ ಮೇಲೆ ಪಲ್ಟಿ ಹೊಡೀಲಿಲ್ಲ, ಚಕ್ರ ತಿರುಗುತ್ತಾ ಜಾರಿತು. ಮಗುಚೋದು ಭಾರದ ಸಮಸ್ಯೆ, ಜಾರೋದು ಟೈರಿನ ಸಮಸ್ಯೆ. ಒಂದು ಮುಗಿದು ಇನ್ನೊಂದು ಶುರುವಾಯ್ತು ಅಂದರೆ ಮುಂದಕ್ಕೆ ಹೋಗ್ತಿದೀನಿ ಅಂತ ಅರ್ಥ.

ಟೈರಿನ ಒಳಗೆ ಗಟ್ಟಿ ಸ್ಪಂಜಿತ್ತು. ಹಗುರ ಗಾಡಿಗೆ ಅಷ್ಟು ಗಟ್ಟಿ ಬೇಡ, ಟೈರ್ ಕಲ್ಲಿನ ಮೇಲೆ ನಿಲ್ಲುತ್ತೆ ಅಷ್ಟೇ, ಕಲ್ಲನ್ನು ಹಿಡಿಯಲ್ಲ. ಮುಂದಿನ ಎರಡರ ಸ್ಪಂಜನ್ನು ಕತ್ತರಿಯಲ್ಲಿ ಹಲ್ಲು ಹಲ್ಲಾಗಿ, ಚಕ್ರದ ಗೇರ್ ಥರ ಕತ್ತರಿಸಿದೆ. ಈಗ ಬೆರಳಲ್ಲಿ ಒತ್ತಿದರೆ ಇಡ್ಲಿ ಥರ ಒಳಗೆ ಹೋಗುತ್ತೆ. ಹಿಂದಿನವನ್ನು ಸ್ವಲ್ಪ ಗಟ್ಟಿಯಾಗೇ ಬಿಟ್ಟೆ, ಹತ್ತುವಾಗ ಭಾರ ಅಲ್ಲೇ ಬೀಳೋದರಿಂದ. ಪಾತ್ರೆ ತೊಳೆಯೋ ಸ್ಪಂಜ್ ಹಾಕಿ ನೋಡಬೇಡಿ, ನೀರು ಕುಡಿದು ಕೂರುತ್ತೆ.

ಆಮೇಲೆ ಸರ್ವೋ ಹೋಯ್ತು. ನಿರೀಕ್ಷೆ ಮಾಡಬೇಕಿತ್ತು. ಮುಂದಿನ ಚಕ್ರ ಭಾರ ಆದವು, ಟೈರ್ ಗಟ್ಟಿಯಾಗಿ ಹಿಡಿಯೋಕೆ ಶುರು ಮಾಡಿತು, ಎರಡು ಕಲ್ಲಿನ ಸಂದಿಯಲ್ಲಿ ಚಕ್ರ ತಿರುಗಿಸೋಕೆ ಹೋದಾಗ ಒಳಗಿನ ಪ್ಲಾಸ್ಟಿಕ್ ಗೇರಿನ ಹಲ್ಲು ಕಟಕಟ ಅಂತ ಉದುರಿದವು. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಎಂಜಿ90ಎಸ್ ಅನ್ನೋ ಸರ್ವೋ ತಂದೆ, ಒಳಗೆ ಲೋಹದ ಗೇರು. 4.8 ವೋಲ್ಟಿಗೆ 1.8 ಕೆಜಿ ಸೆಂಟಿಮೀಟರ್ ಬಲ ಅಂತಾರೆ, ಅಂದರೆ ಒಂದು ಸೆಂಟಿಮೀಟರ್ ಉದ್ದದ ಕೈಯಲ್ಲಿ 1.8 ಕೆಜಿ ಎತ್ತುವಷ್ಟು. ಇಷ್ಟು ಚಿಕ್ಕದಕ್ಕೆ ಬೇಕಾದಷ್ಟಾಯ್ತು. ಹಳೇ ಜಾಗದಲ್ಲಿ ಕೂರಲಿಲ್ಲ. ಪಿವಿಸಿ ಪೈಪಿನ ತುಂಡನ್ನು ಬಿಸಿ ಮಾಡಿ ಚಪ್ಪಟೆ ಒತ್ತಿ, ಕತ್ತರಿಸಿ, ಹಿಡಿಕೆ ಮಾಡಿದೆ. ಆ ಕೆಲಸ ಮನೆ ಹೊರಗೆ ಮಾಡಿ, ಹೊಗೆ ಒಳ್ಳೇದಲ್ಲ. ಇದಕ್ಕೆ 6 ವೋಲ್ಟಿಗಿಂತ ಜಾಸ್ತಿ ಕೊಡಬಾರದು, ಬ್ಯಾಟರಿಯಿಂದ ನೇರ ತಂತಿ ಎಳೆದರೆ ಇದೂ ಊದುಬತ್ತಿ. ನಿಮ್ಮದು ಅಗ್ಗದ ಗಾಡಿ ಆದರೆ ಮೊದಲು ಹಳೇ ಸರ್ವೋದ ತಂತಿ ಎಣಿಸಿ. ಐದು ಇದ್ದರೆ ಈ ಮೂರು ತಂತಿಯ ಸರ್ವೋ ಅದರ ಬೋರ್ಡಿಗೆ ಹೊಂದಲ್ಲ, ಬೋರ್ಡನ್ನೂ ಬದಲಾಯಿಸಬೇಕು. ಇನ್ನೊಂದು, ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಸರ್ವೋ ಗುಂಯ್ ಅಂತ ಮುಲುಗುತ್ತಿದ್ದರೆ ಅದು ತಿರುಗೋ ಜಾಗ ಮುಗಿದಮೇಲೂ ತಳ್ಳುತ್ತಿದೆ ಅಂತ. ರಿಮೋಟಲ್ಲಿ ಸ್ಟೀರಿಂಗ್ ಎಷ್ಟು ತಿರುಗಬೇಕು ಅಂತ ಹೊಂದಿಸೋ ಗುಂಡಿಯನ್ನು ಮುಲುಗೋದು ನಿಲ್ಲೋವರೆಗೆ ಕಡಿಮೆ ಮಾಡಿ.

ಇಷ್ಟೆಲ್ಲ ಆದಮೇಲೆ ಕೊನೆಗೆ ಮೋಟಾರಿಗೆ ಬಂದೆ, ಅದೂ ಹಳೇ ಮೋಟಾರಿಗೇ. 11 ಹಲ್ಲಿನ ಪಿನಿಯನ್, ಅಂದರೆ ಮೋಟಾರ್ ತುದಿಯ ಪುಟ್ಟ ಗೇರ್, ತೆಗೆದು 9 ಹಲ್ಲಿಂದು ಹಾಕಿದೆ. ವೇಗ ನೂರಕ್ಕೆ 18 ಕಡಿಮೆ, ಎಳೆಯೋ ಬಲ ನೂರಕ್ಕೆ 22 ಜಾಸ್ತಿ. ಎರಡು ಗೇರನ್ನು ತೀರಾ ಒತ್ತಿ ಕೂರಿಸಿದರೆ ಕಿರ್ರೋ ಅನ್ನುತ್ತೆ, ಬಿಟ್ಟು ಕೂರಿಸಿದರೆ ಹಲ್ಲು ಸವೆಯುತ್ತೆ. ನಡುವೆ ಬಸ್ ಟಿಕೆಟಿನ ಒಂದು ಚೂರು ಇಟ್ಟು ಒತ್ತಿ, ಸ್ಕ್ರೂ ಬಿಗಿ ಮಾಡಿ, ಗೇರ್ ತಿರುಗಿಸಿ ಚೂರನ್ನು ಹೊರಗೆ ತೆಗೆದರೆ ಸರಿಯಾದ ಸಂದು ಉಳಿಯುತ್ತೆ. ಬೆಂಗಳೂರು–ಕೋಲಾರ ಟಿಕೆಟ್ ನನ್ನ ಜೇಬಲ್ಲಿ ಯಾವಾಗಲೂ ಒಂದಿರುತ್ತೆ. ತೆರೆದ ಗೇರಿಗೆ ಹೊಲಿಗೆ ಮೆಷಿನ್ ಎಣ್ಣೆ ಬಿಡಬೇಡಿ. ನಾನು ಬಿಟ್ಟಿದ್ದೆ, ಬೆಟ್ಟದ ನುಣ್ಣನೆ ಮರಳು ಅಂಟಿಕೊಂಡು ಗೇರ್ ಅರೆಯೋ ಚಟ್ನಿ ಆಯ್ತು.

ಹೋದ ಭಾನುವಾರ ಅದೇ ಬಂಡೆ. ಅಕ್ಕನ ಮಗನೂ ಬಂದಿದ್ದ. ಬಂಡೆಯ ಅರ್ಧಕ್ಕೆ ಒಂದು ಬಿರುಕಿದೆ, ಎರಡು ಬೆರಳು ಅಗಲ, ಪ್ರತೀ ಸಲ ಮುಂದಿನ ಎಡ ಚಕ್ರ ಅದರಲ್ಲಿ ಇಳಿದು ಗಾಡಿ ಹಿಂದಕ್ಕೆ ಉರುಳುತ್ತಿದ್ದದ್ದು ಅಲ್ಲೇ. ಈ ಸಲವೂ ಇಳಿಯಿತು. ಗಾಡಿ ನಿಂತಿತು. ಟೈರ್ ಬಿರುಕಿನ ಅಂಚಿಗೆ ಅಮುಕಿಕೊಂಡು ಚಪ್ಪಟೆಯಾಯ್ತು, ಸರ್ವೋ ಒಂದು ಸಲ ಕುಂಯ್ ಅಂದು ಚಕ್ರ ಬಲಕ್ಕೆ ತಿರುಗಿಸಿತು, ನಾನು ಗುಂಡಿಯನ್ನು ಕೂದಲೆಳೆಯಷ್ಟು ಒತ್ತಿದೆ, ಮತ್ತೆ ಮೂತಿ ನಿಧಾನವಾಗಿ, ಎಮ್ಮೆ ಕೆರೆಯಿಂದ ಎದ್ದು ಬರೋ ಹಾಗೆ, ಮೇಲೆ ಬಂತು. "ಮಾಮಾ, ಹತ್ತಿಬಿಡ್ತು!" ಅಂತ ಹುಡುಗ ಕಿರುಚಿದ್ದಕ್ಕೆ ಪಕ್ಕದ ಮರದ ಕೋತಿಗಳೆಲ್ಲ ತಿರುಗಿ ನೋಡಿದವು.

ನೆತ್ತಿಗೆ ಹೋಗಿ ನಿಂತಿತು. ಫೋಟೋ ತೆಗೆಯೋಣ ಅಂತ ರಿಮೋಟ್ ಕೆಳಗಿಟ್ಟೆ. ಗಾಡಿ ಸದ್ದಿಲ್ಲದೆ ಆ ಕಡೆ ಇಳಿಜಾರಿಗೆ ಉರುಳಿ, ಎರಡು ಪಲ್ಟಿ ಹೊಡೆದು, ಲಂಟಾನ ಪೊದೆ ಒಳಗೆ ಹೋಯ್ತು. ಹೊಸ ಬೋರ್ಡಲ್ಲಿ ಡ್ರ್ಯಾಗ್ ಬ್ರೇಕ್ ಆಫ್ ಇತ್ತು. ಅದಿದ್ದರೆ ಗುಂಡಿ ಬಿಟ್ಟಕೂಡಲೇ ಮೋಟಾರೇ ಚಕ್ರ ಹಿಡಿದು ನಿಲ್ಲಿಸುತ್ತೆ, ಕಲ್ಲು ಹತ್ತೋ ಗಾಡಿಗೆ ಅದಿಲ್ಲದೆ ಆಗಲ್ಲ. ಬೋರ್ಡಿನ ಮೂಲೆಯಲ್ಲಿರೋ ಒಂದು ಸಣ್ಣ ಜಂಪರನ್ನು (ಎರಡು ಪಿನ್ ಸೇರಿಸೋ ಪುಟ್ಟ ಟೋಪಿ) ಕಿತ್ತು ಪಕ್ಕದ ಪಿನ್ನಿಗೆ ಹಾಕಿದರೆ ಆಯ್ತು. ನನ್ನ ಬೆರಳಿಗೆ ಸಿಗದಷ್ಟು ಸಣ್ಣದು, ಚಿಮುಟ ಬೇಕು. ಮನೆಯಲ್ಲಿರೋ ಒಂದೇ ಒಂದು ಚಿಮುಟ ಅಕ್ಕ ಹುಬ್ಬು ತೀಡೋದು, ಹೋದ ಸಲ ಅದಕ್ಕೆ ಗ್ರೀಸ್ ಮೆತ್ತಿ ವಾಪಸ್ ಕೊಟ್ಟಿದ್ದೆ.